ಸೋರೆಬುರುಡೆಗೆ ಬಾಯಿ ಹಚ್ಚುವುದು

ಮಗಳು ತಾನು ಮದುವೆಯಾಗುವ ಹುಡುಗನ ಊರು ಕೊಲಂಬಿಯಾದ ಬೆಟ್ಟದ ಮೇಲಿದೆ ಎಂದು ಫೋನಿನಲ್ಲಿ ಹೇಳಿದಾಗ ನಾನು ಟೆಕ್ಸಾಸಿನ ನಮ್ಮ ಪ್ರಾಸ್ಪರ್ ಊರಿನ ಅಂಗಡಿಯೊಂದರಲ್ಲಿ ಮೆಂತ್ಯದ ಕಟ್ಟು ಹಿಡಿದು ನಿಂತಿದ್ದೆ. ಕಟ್ಟು ಕೈಯಿಂದ ಜಾರಿತು. ತೆಲುಗು, ಗುಜರಾತಿ, ಬಿಳಿಯ, ಕರಿಯ, ಎಲ್ಲದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕೊಲಂಬಿಯಾ ಮಾತ್ರ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಇಬ್ಬರೂ ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರುಗಳು, ಆಸ್ಟಿನ್‌ನಲ್ಲಿ ವಾಸ. ಹುಡುಗ ಒಳ್ಳೆಯವನು, ಮಾತು ಕಡಿಮೆ. ತಾಯಿ ತಂದೆ ಇಲ್ಲದ ಅವನನ್ನು ಸಾಕಿದ್ದು ಅಜ್ಜಿ. ಅಜ್ಜಿ ಒಪ್ಪದೆ ಮದುವೆಯಿಲ್ಲ ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ. ನನ್ನ ಮಗಳನ್ನು ಆಕೆ ಆಗಲೇ ಮೆಚ್ಚಿದ್ದಳು. ಈಗ ಬೀಗರನ್ನು ನೋಡಬೇಕಂತೆ.

"ನಮಗ ಇಂಟರ್‌ವ್ಯೂ ಇಟ್ಟಾರ ನೋಡ್ರಿ," ಎಂದೆ ಇವರಿಗೆ.

"ಪಾಸ್ ಆಗೂಣು, ತಗೋ," ಎಂದರು ನಮ್ಮವರು.

ಡಾಲಸ್‌ನ ಉತ್ತರಕ್ಕೆ ಅಣಬೆಯಂತೆ ಏಳುತ್ತಿರುವ ಬಡಾವಣೆಗಳಲ್ಲಿ ಹೊಸ ಮನೆಗಳ ತಳಪಾಯ ಇನ್‌ಸ್ಪೆಕ್ಟ್ ಮಾಡುವುದು ಇವರ ಬಿಸಿನೆಸ್. ಊರಿಗೆಲ್ಲ ಬೇಕಾದ ಮನುಷ್ಯ. ಆದರೆ ಒಂದು ಅಭ್ಯಾಸವಿದೆ. ಬೇರೆಯವರ ಮನೆಯಲ್ಲಿ ನೀರು ಕೊಟ್ಟರೂ ಚಹಾ ಕೊಟ್ಟರೂ ಲೋಟವನ್ನು ತುಟಿಗೆ ತಾಗಿಸುವುದಿಲ್ಲ, ಎತ್ತಿ ಹಿಡಿದು ಬಾಯಿಗೆ ಸುರಿದುಕೊಳ್ಳುತ್ತಾರೆ. ಕನ್ನಡದ ಹುಡುಗಿಯರು "ಅಂಕಲ್ ಎಷ್ಟು ಮಡಿ" ಎಂದು ನಗುತ್ತಿದ್ದರು. ಧಾರವಾಡದ ನನ್ನ ತವರಿನಲ್ಲೂ ಎಂಜಲಾಗಬಾರದೆಂದು ಹಾಗೆಯೇ ಕುಡಿಯುತ್ತಿದ್ದರು. ನಮ್ಮದು ಮನೆಯವರನ್ನು ಎದುರು ಹಾಕಿಕೊಂಡು ಬೇರೆ ಬೇರೆ ಜಾತಿಯಲ್ಲಿ ಆದ ಮದುವೆ. ನನ್ನ ಜಾತಿಯವರನ್ನು ನೋಡಿ ಕಲಿತಿರಬೇಕು ಎಂದುಕೊಂಡು ನಾನು ಎಂದೂ ಕೇಳಲಿಲ್ಲ. ಟೆಕ್ಸಾಸಿನಲ್ಲಿ ಯಾರಾದರೂ ನಿಮ್ಮದು ಯಾವ ಪೈಕಿ ಎಂದು ಕೆದಕಿದರೆ "ನಾವು ಕಾಂಕ್ರೀಟ್ ಪೈಕಿ ರೀ" ಎಂದು ತೇಲಿಸಿಬಿಡುತ್ತಿದ್ದರು. ಮಗಳಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಹ್ಯೂಸ್ಟನ್‌ನಿಂದ ಮಗಳು, ಹುಡುಗನ ಜೊತೆ ವಿಮಾನ ಹತ್ತಿ ಬೊಗೊಟಾದಲ್ಲಿ ಇಳಿದು, ಅಲ್ಲಿಂದ ಕಾರಿನಲ್ಲಿ ಇನ್ನೂ ಮೇಲೆ ಹೋದೆವು. ಭೂಮಧ್ಯರೇಖೆಯ ಪಕ್ಕದ ದೇಶವೆಂದು ತೆಳು ಕಾಟನ್ ಸೀರೆ ತುಂಬಿಕೊಂಡು ಹೋದ ನನಗೆ ಹಲ್ಲು ಕಟಕಟ ಎಂದವು. ಊರೆಂದರೆ ಒಂದು ಚೌಕ, ಒಂದು ಇಗರ್ಜಿ, ಮೂಟೆ ಹೇರಿಕೊಂಡ ಲಾರಿಗಳು, ಸುತ್ತ ಕಣ್ಣು ಹಾಯುವವರೆಗೆ ಆಲೂಗಡ್ಡೆಯ ಹೊಲ. ನಡುವೆ ತೂತು ಮಾಡಿದ ಕಂಬಳಿಯಂಥದ್ದನ್ನು ಎಲ್ಲರೂ ತಲೆಯ ಮೇಲಿಂದ ಹಾಕಿಕೊಂಡಿದ್ದರು. ಕಾರಿನಿಂದ ಕಾಲು ಕೆಳಗಿಡುವಷ್ಟರಲ್ಲಿ ಪಕ್ಕದ ಕಟ್ಟಡದೊಳಗೆ ಢಂ ಎಂದಿತು. ಇವರ ತೋಳನ್ನು ಉಗುರು ಊರುವಂತೆ ಹಿಡಿದುಕೊಂಡೆ. ಒಳಗೆ ಗಂಡಸರು ಜೇಡಿಮಣ್ಣಿನಲ್ಲಿ ಮದ್ದಿನ ಪೊಟ್ಟಣ ಇಟ್ಟು ಕಬ್ಬಿಣದ ಬಿಲ್ಲೆ ಎಸೆದು ಆಡುತ್ತಿದ್ದರು. ಇದು ಇಲ್ಲಿನ ಮೂಲನಿವಾಸಿಗಳಾದ ನಮ್ಮ ಮುಯಿಸ್ಕಾ ಹಿರಿಯರ ಆಟ, ಮದ್ದು ಆಮೇಲೆ ಬಂದದ್ದು ಎಂದ ಹುಡುಗ. ಆ ಹಿರಿಯರ ಭಾಷೆ ಹೋಗಿದೆ. ಊರಿನ ಹೆಸರಿನಲ್ಲಿ, ಕೆಲವು ಗಡ್ಡೆಗಳ ಹೆಸರಿನಲ್ಲಿ ಅಷ್ಟಿಷ್ಟು ಉಳಿದಿದೆ. ಅಜ್ಜಿ ಮಾತ್ರ ನನಗೆ ಕೂಡಲೇ ಹಿಡಿಸಿದಳು. ಮೊಮ್ಮಗನನ್ನೂ ಬಾಗಿಲಲ್ಲಿ ಮಲಗಿದ್ದ ನಾಯಿಯನ್ನೂ ಸ್ಪ್ಯಾನಿಷಿನಲ್ಲಿ 'ನೀವು' ಎಂದೇ ಮಾತಾಡಿಸುತ್ತಾಳೆ ಎಂದಳು ಮಗಳು, ರೀ ಹಚ್ಚುವ ಹುಬ್ಬಳ್ಳಿಯವಳ ಹಾಗೆ.

ಅಂದು ಅವಳ ಹೊಲದಲ್ಲಿ ಆಲೂಗಡ್ಡೆ ಅಗೆದು ಮುಗಿದಿತ್ತು. ಕೈಜೋಡಿಸಲು ಬಂದಿದ್ದ ನೆರೆಯವರೆಲ್ಲ ಬದುವಿನ ಮೇಲೆ ಸಾಲಾಗಿ ಕೂತರು. ನಮ್ಮ ಸೋರೆಬುರುಡೆಯಂಥ ಒಂದು ಬುರುಡೆಯಲ್ಲಿ ಅಜ್ಜಿ ಚಿಚಾ ತುಂಬಿಸಿದಳು. ಗೋವಿನಜೋಳ ಹುಳಿ ಬರಿಸಿ ಮಾಡಿದ್ದು, ತುಸು ಅಮಲೂ ಇರುತ್ತದೆ. ಎಲ್ಲರಿಗೂ ಅದೊಂದೇ ಬುರುಡೆ. ಅಜ್ಜಿ ಒಂದು ಗುಟುಕು ಕುಡಿದು, ಎರಡೂ ಕೈಯಲ್ಲಿ ಹಿಡಿದು ಇವರಿಗೆ ಕೊಟ್ಟಳು.

ಇವರು ಬುರುಡೆ ಎತ್ತಿದರು, ಕತ್ತು ಹಿಂದಕ್ಕೆ ಬಾಗಿಸಿದರು, ಒಂದು ಹನಿಯೂ ಚೆಲ್ಲದಂತೆ ಮೇಲಿಂದ ಸುರಿದುಕೊಂಡು ಮರಳಿ ಕೊಟ್ಟರು.

ಅಜ್ಜಿ ಬುರುಡೆಯನ್ನೇ ನೋಡಿದಳು. ಆಮೇಲೆ ಉಳಿದದ್ದನ್ನು ನಮ್ಮೆದುರೇ ನೆಲಕ್ಕೆ ಚೆಲ್ಲಿ, ಎದ್ದು ಮನೆಯೊಳಗೆ ಹೋದಳು.

ಅದಕ್ಕಿಂತ ಹೆಚ್ಚಾಗಿ ನನಗೆ ಗಾಬರಿಯಾದದ್ದು ಇವರ ಮುಖ ನೋಡಿ. ನೆಲದ ಮೇಲೆ ಇಂಗುತ್ತಿದ್ದ ಆ ಚಿಚಾವನ್ನು ನೋಡುತ್ತ ಇವರು ಬಿಳಿಚಿಕೊಂಡಿದ್ದರು. ಅಂಥ ಮುಖವನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ.

ಹುಡುಗ ಒಳಗೆ ಹೋಗಿ ಬಂದು ಮಗಳಿಗೆ ವಿಷಯ ಹೇಳಿದ, ಮಗಳು ನನಗೆ. ಅಜ್ಜಿಯ ಬಾಲ್ಯದಲ್ಲಿ ಈ ಹೊಲವೆಲ್ಲ ಒಬ್ಬ ದೊಡ್ಡ ಜಮೀನುದಾರನದಂತೆ. ಬಿಸಿಲಲ್ಲಿ ಬಾಯಾರಿದರೆ ಆಳುಗಳ ಬುರುಡೆಯನ್ನು ತರಿಸಿಕೊಂಡು, ಬಾಯಿ ಹಚ್ಚದೆ ಹೀಗೆಯೇ ಮೇಲಿಂದ ಸುರಿದುಕೊಳ್ಳುತ್ತಿದ್ದನಂತೆ. ಅಂಥ ಮನೆಗೆ ನನ್ನ ಹುಡುಗನನ್ನು ಕೊಡುವುದಿಲ್ಲ ಎಂದಿದ್ದಾಳೆ ಅಜ್ಜಿ.

"ಶಿ ಥಿಂಕ್ಸ್ ಡ್ಯಾಡ್ ಈಸ್ ಡಿಸ್ಗಸ್ಟೆಡ್ ಬೈ ದೆಮ್," ಎಂದು ಮಗಳು ಅಳತೊಡಗಿದಳು.

ಇವರು ಮಗಳ ಕಡೆ ತಿರುಗಿದರು. "ಆಕಿ ಚೆಲ್ಲಿದ್ದು ಇದಕ್ಕೇನು? ನಾ ಮುಟ್ಟಿದೆ ಅಂತ ಅಲ್ಲೇನು?" ಎಂದು ಕೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ. ಅವರು ಉತ್ತರಕ್ಕೂ ಕಾಯದೆ ನೇರ ಅಡುಗೆಮನೆಗೆ ನಡೆದರು. ನಾವು ಮೂವರೂ ಹಿಂದೆ ಓಡಿದೆವು.

ಅಜ್ಜಿ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಇವರು ಅವಳೆದುರು ನೆಲದ ಮೇಲೆ ಕೂತು ಕನ್ನಡದಲ್ಲೇ ಶುರು ಮಾಡಿದರು. ಮಗಳು ಇಂಗ್ಲಿಷಿಗೆ, ಹುಡುಗ ಸ್ಪ್ಯಾನಿಷಿಗೆ ದಾಟಿಸಬೇಕು.

"ಅಜ್ಜಿಗೆ ಹೇಳು. ನಾವು ಊರ ಹೊರಗ ಇದ್ದ ಮಂದಿ. ನಮಗ ಯಾರೂ ಲೋಟ ಕೊಡ್ತಿರಲಿಲ್ಲ, ಬೊಗಸಿಗೆ ಮ್ಯಾಲಿಂದ ನೀರು ಹೊಯ್ತಿದ್ರು. ಸಾಲ್ಯಾಗ ಒಬ್ಬ ದೋಸ್ತ ತನ್ನ ಲೋಟ ಕೊಟ್ಟ, ಬಾಯಿ ಹಚ್ಚಿ ಕುಡಿದೆ. ಅವನ ಮನಿಯವರು ಬಂದು ನನ್ನ ಕಣ್ಮುಂದ ನೀರು ಚೆಲ್ಲಿ ಲೋಟ ತಿಪ್ಪಿಗೆ ಒಗೆದ್ರು. ನಮ್ಮವ್ವ ಅವತ್ತ ಹೊಡದು ಕಲಿಸಿದ್ಲು, ಮಂದಿ ಭಾಂಡೇಕ ಬಾಯಿ ಹಚ್ಚಬ್ಯಾಡ ಅಂತ. ಹೇಸಿ ಅಲ್ಲಬೇ, ಅಂಜಿ."

ನಾನು ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. ಜಾತಿ ನನಗೆ ಗೊತ್ತಿತ್ತು. ಈ ಲೋಟ ಗೊತ್ತಿರಲಿಲ್ಲ. ನನ್ನ ತವರಿನವರು ಯಾವುದನ್ನು ಮಡಿ ಎಂದು ಮೆರೆಸುತ್ತಿದ್ದರೋ ಅದನ್ನೇ ಈ ಮನುಷ್ಯ ಹೆದರಿಕೆಯಿಂದ ಮಾಡುತ್ತಿದ್ದ, ನನ್ನ ಕಣ್ಣೆದುರಿಗೇ. ಇಷ್ಟು ವರ್ಷ ನನಗೆ ಅದು ಕಾಣಲೇ ಇಲ್ಲ.

ಮಗಳು ಅರ್ಧಕ್ಕೇ ನಿಲ್ಲಿಸಿಬಿಟ್ಟಳು. "ಅಪ್ಪ, ವೈ ಡಿಡ್ ಯು ನೆವರ್ ಟೆಲ್ ಮಿ?"

"ಮೊದಲ ಆಕಿಗೆ ಹೇಳವ್ವಾ. ಆಮ್ಯಾಲ ನಿನಗ," ಎಂದರು ಇವರು.

ಅವಳು ಮೂಗು ಒರೆಸಿಕೊಳ್ಳುತ್ತ ಹೇಳಿದಳು. ಹುಡುಗ ಸ್ಪ್ಯಾನಿಷಿನಲ್ಲಿ ಮೆಲ್ಲಗೆ, ಮಧ್ಯೆ ಮಧ್ಯೆ ಇವರನ್ನು ನೋಡುತ್ತ ಹೇಳಿದ. ಅಜ್ಜಿ ಎರಡು ಸಲ ಅದೇನನ್ನೋ ಮರಳಿ ಕೇಳಿದಳು. ಆಮೇಲೆ ಅವಳ ಕೈ ಬಾಯಿಗೆ ಹೋಯಿತು. ತಾನು ಚೆಲ್ಲಿದ್ದು ಈ ಮನುಷ್ಯನ ಕಣ್ಣಿಗೆ ಏನಾಗಿ ಕಂಡಿತೆಂದು ಅವಳಿಗೆ ಆಗ ತಿಳಿದಿರಬೇಕು.

ಎದ್ದು ಹೋಗಿ ಮಡಕೆಯಿಂದ ಮತ್ತೆ ಬುರುಡೆ ತುಂಬಿಸಿ ತಂದಳು. ಈ ಸಲ ತಾನು ಮೊದಲು ಕುಡಿಯಲಿಲ್ಲ. ಇವರ ಕೈಗೇ ಕೊಟ್ಟು, ಎದುರಿಗೆ ನಿಂತಳು.

ಇವರು ಎರಡೂ ಕೈಯಲ್ಲಿ ಹಿಡಿದರು. ಅಭ್ಯಾಸಬಲದಿಂದ ಕೈ ಮೇಲಕ್ಕೆ ಹೊರಟಿತು. ಹಣೆಯವರೆಗೆ ಹೋಗಿ ನಿಂತು, ಕೆಳಗಿಳಿಯಿತು. ಅಂಚಿಗೆ ತುಟಿ ಹಚ್ಚಿ ಕುಡಿದರು. ಕುಡಿಯಲು ಬಾರದವರಂತೆ ಮೀಸೆಯ ಮೇಲೆಲ್ಲ ಚೆಲ್ಲಿಕೊಂಡರು.

ಅಜ್ಜಿ ಬುರುಡೆ ಮರಳಿ ಪಡೆದು ಅಂಚನ್ನು ತಿರುಗಿಸಿದಳು, ಇವರ ತುಟಿ ತಾಗಿದ ಜಾಗವನ್ನು ಹುಡುಕಿದಳು. ಒರೆಸುತ್ತಾಳೆ ಎಂದುಕೊಂಡೆ. ಅವಳು ಅಲ್ಲಿಗೇ ಬಾಯಿ ಹಚ್ಚಿ ಉಳಿದದ್ದನ್ನು ಪೂರ್ತಿ ಕುಡಿದಳು.