ಗೇಟಿನ ಯಂತ್ರ, ಅಪ್ಪನ ಮೊಬೈಲು

ನಾನು ಗಂಗಾವತಿಯ ಒಂದು ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷಕ್ಕೆ ಬಂದಾಗ ಗೇಟಿನ ಪಕ್ಕದ ಗೋಡೆಗೆ ಹೊಸದೊಂದು ಯಂತ್ರ ಕೂರಿಸಿದರು. ಕೊರಳಲ್ಲಿನ ಗುರುತಿನ ಕಾರ್ಡನ್ನು ಅದಕ್ಕೆ ಮುಟ್ಟಿಸಿದರೆ ಹಸಿರು ದೀಪ ಹತ್ತಿ ಕುಂಯ್ ಎನ್ನುತ್ತಿತ್ತು. ಹತ್ತೂವರೆಗೆ ಪಾಲಕರ ಮೊಬೈಲಿಗೆ ಚಾಟ್‌ನಲ್ಲಿ ಸಂದೇಶ ಹೋಗುತ್ತಿತ್ತು: ನಿಮ್ಮ ಮಗಳು ಇಂದು ಹಾಜರಾಗಿದ್ದಾಳೆ, ಇಲ್ಲವೇ ಹಾಜರಾಗಿಲ್ಲ. ಪಾಲಕರ ಸಭೆಯಲ್ಲಿ ಕಂಪ್ಯೂಟರ್ ಉಪನ್ಯಾಸಕರು ಇದನ್ನೆಲ್ಲ ವಿವರಿಸಿದ್ದರು. ಗೇಟಿನ ಯಂತ್ರ ಒಳಗಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ, ಆ ದಾರಿಗೆ ವೆಬ್‌ಹುಕ್ ಅನ್ನುತ್ತಾರೆ. ಅಲ್ಲಿರುವ ಬಾಟ್ ಎಂಬ ಪ್ರೋಗ್ರಾಂ ಅವರವರ ಮನೆಗೆ ಸಂದೇಶ ಕಳಿಸುತ್ತದೆ, ನಡುವೆ ಮನುಷ್ಯರ ಕೈ ಇಲ್ಲವೇ ಇಲ್ಲ ಎಂದರು.

ಈ ಕೊನೆಯ ಮಾತು ಅಪ್ಪನಿಗೆ ಬಹಳ ಹಿಡಿಸಿತು. ನಮ್ಮದು ಕಾಲುವೆ ಬದಿಯ ಊರು. ಅಪ್ಪ ಭತ್ತ ಬೆಳೆಯುವುದರ ಜೊತೆಗೆ ಊರಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದ. ಸಾಲ ಒಯ್ದವರಿಂದ ದಿನವೂ ನೂರು ಬಗೆಯ ನೆಪ ಕೇಳಿ ಕೇಳಿ ಅವನಿಗೆ ಮನುಷ್ಯರ ಮಾತಿನ ಮೇಲೆ ನಂಬಿಕೆ ಅಷ್ಟಕ್ಕಷ್ಟೇ.

ಮೊದಲ ಬಾರಿ 'ಹಾಜರಾಗಿಲ್ಲ' ಎಂದು ಬಂದ ದಿನ ಅಪ್ಪ ನನಗೆ ಏನೂ ಹೇಳಲಿಲ್ಲ. ಸಂಜೆ ಬಸ್ಸಿಳಿದು ಬಂದಾಗ ಅವ್ವ ಇವತ್ತು ಯಾವ ಪಾಠ ಆಯಿತು, ಯಾರು ಮಾಡಿದರು, ಪಕ್ಕದಲ್ಲಿ ಯಾರು ಕುಳಿತಿದ್ದರು ಎಂದು ಕೇಳಿದಳು. ಅವ್ವ ಯಾವತ್ತೂ ಪಾಠದ ಸುದ್ದಿ ಕೇಳಿದವಳಲ್ಲ. ನಾನು ಉತ್ತರ ಕೊಡುವಾಗ ಅಪ್ಪ ಪಡಸಾಲೆಯಲ್ಲಿ ಪೇಪರ್ ಹಿಡಿದು ಕುಳಿತಿದ್ದ, ಆದರೆ ಹಾಳೆ ತಿರುವಲಿಲ್ಲ. ಕೆಲವು ದಿನ ಬಿಟ್ಟು ಅಂಥದ್ದೇ ಇನ್ನೊಂದು ಸಂದೇಶ ಬಂತು. ಆಗ ಅಪ್ಪ ಮೊಬೈಲನ್ನು ನನ್ನ ಮುಂದಿಟ್ಟ. ಹೆಸರು ನನ್ನದೇ, ಇನಿಷಿಯಲ್ ನನ್ನದೇ.

ನಾನು ಹೋಗಿದ್ದೆ ಎಂದೆ. ಯಂತ್ರ ತಪ್ಪು ಹೇಳುತ್ತಿದೆ ಎಂದೆ.

"ಮಷೀನಿಗೆ ನಿನ್ ಮ್ಯಾಲೆ ಏನ್ ಹಗಿ ಐತಿ?" ಎಂದ ಅಪ್ಪ, ದನಿ ಏರಿಸದೆ.

ಬೇಕಾದರೆ ಆ ಸಂದೇಶಕ್ಕೇ ತಿರುಗಿ ಕೇಳು ಎಂದೆ. ಅವನು ಒಂದೊಂದೇ ಅಕ್ಷರ ಹುಡುಕಿ, ನನ್ನ ಮಗಳು ಎಷ್ಟಕ್ಕೆ ಬಂದಳು ಎಂದು ಬರೆದ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಇದು ಸ್ವಯಂಚಾಲಿತ ಸಂದೇಶ, ದಯವಿಟ್ಟು ಉತ್ತರಿಸಬೇಡಿ. ಅಪ್ಪ ಅದನ್ನು ಎರಡು ಸಲ ಓದಿ ಮೊಬೈಲು ಕಿಸೆಗೆ ಹಾಕಿದ. ಯಾರೋ ದೊಡ್ಡವರು ಬೈದಂತೆ ಅವನ ಮುಖ ಸಣ್ಣದಾಗಿತ್ತು, ಆ ಸಿಟ್ಟೂ ನನ್ನ ಮೇಲೆಯೇ ತಿರುಗಿತು.

ಅಲ್ಲಿಂದ ಮನೆಯ ಗಾಳಿಯೇ ಬೇರೆಯಾಯಿತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನನ್ನ ಬ್ಯಾಗಿನ ಪುಸ್ತಕಗಳು ಬೇರೆ ಸಾಲಿನಲ್ಲಿ ಇರುತ್ತಿದ್ದವು. ಅವ್ವ ನನ್ನ ದುಪಟ್ಟಾ ಒಗೆಯಲು ಹಾಕುವ ಮೊದಲು ಮೂಗಿಗೆ ಹಿಡಿದದ್ದನ್ನು ನಾನು ಕಂಡೆ. ಬಸ್ಸಿನ ಕಂಡಕ್ಟರ್ ಒಂದು ದಿನ, ನಿಮ್ಮಪ್ಪಾರು ನೀವು ಎಲ್ಲಿ ಇಳೀತೀರಿ ಅಂತ ಕೇಳಿದ್ರು ಎಂದು ಹೇಳಿ ನಕ್ಕ. ಕುಷ್ಟಗಿಯ ಅತ್ತೆ ಫೋನಿನಲ್ಲಿ, ಓದು ಸಾಕು ಮಾಡಿಸಿ ಎಂದಳಂತೆ. ಹಾಜರಾಗಿದ್ದಾಳೆ ಎಂದು ಬಂದ ದಿನ ಎಲ್ಲರೂ ನನ್ನೊಂದಿಗೆ ಸರಿಯಾಗಿ ಮಾತಾಡುತ್ತಿದ್ದರು. ಅದು ನನಗೆ ಇನ್ನೂ ಕಷ್ಟವಾಗುತ್ತಿತ್ತು, ಏಕೆಂದರೆ ನಾನು ಎರಡೂ ದಿನ ಅದೇ ಬೆಂಚಿನಲ್ಲೇ ಕುಳಿತು ಬಂದವಳು.

ನಾನೂ ಅನುಮಾನಿಸಲು ಕಲಿತೆ. ಗೆಳತಿಯೊಬ್ಬಳು ನನ್ನ ಕಾರ್ಡನ್ನು ಕೈಗೆ ತೆಗೆದುಕೊಂಡು ಫೋಟೋ ನೋಡಿ ನಕ್ಕಿದ್ದಳು. ಅವಳೇ ಏನೋ ಮಾಡಿರಬೇಕು ಎನಿಸಿತು. ಕಾರ್ಡನ್ನು ಒರೆಸಿ, ಒತ್ತಿ, ಹಸಿರು ದೀಪ ಕಂಡ ಮೇಲೂ ಮತ್ತೊಮ್ಮೆ ಮುಟ್ಟಿಸಿ ಹಿಂದಿನವರಿಂದ ಬೈಸಿಕೊಂಡೆ. ಆಫೀಸಿಗೆ ಹೋಗಿ ಕೇಳಿದರೆ ಗುಮಾಸ್ತರು ತಲೆ ಎತ್ತದೆ, ಯಂತ್ರ ಸರಿ ಇದೆ, ನೀನು ಸರಿಯಾಗಿ ಬಾ ಎಂದರು. 'ಹಾಜರಾಗಿಲ್ಲ' ಎಂದು ಬಂದ ದಿನದ ತಾರೀಖಿನ ಕೆಳಗೆ ಉಪನ್ಯಾಸಕರು ಸಹಿ ಹಾಕಿದ ಕೆಮಿಸ್ಟ್ರಿ ರೆಕಾರ್ಡ್ ತಂದು ಅಪ್ಪನಿಗೆ ತೋರಿಸಿದೆ. ಸಹಿ ಯಾರು ಬೇಕಾದರೂ ಹಾಕುತ್ತಾರೆ ಎಂದ. ಆ ರಾತ್ರಿ ನಾನು ಊಟ ಮಾಡಲಿಲ್ಲ, ಯಾರೂ ಬಾ ಎಂದು ಕರೆಯಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿಳಿದು ಗೇಟಿನತ್ತ ನಡೆಯುವಾಗ ಎದುರಿನ ಚಹಾದಂಗಡಿಯ ಬೇವಿನ ಮರದ ಕೆಳಗೆ ನಮ್ಮ ಬೈಕ್ ಕಂಡಿತು. ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡು, ರಸ್ತೆಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕುಳಿತಿದ್ದ. ಅಂಗಡಿಯ ಗೋಡೆಗೆ ನೇತುಹಾಕಿದ ಕನ್ನಡಿಯಲ್ಲಿ ಗೇಟು ಕಾಣುವಂತೆ ಕುಳಿತಿದ್ದಾನೆ ಎಂದು ನನಗೆ ಆಮೇಲೆ ಹೊಳೆಯಿತು. ನಾನು ಕಾಣದವಳಂತೆ ಹೋದೆ. ಕಾರ್ಡ್ ಮುಟ್ಟಿಸಿದೆ, ಕುಂಯ್ ಎಂದಿತು. ಬೆನ್ನಿನುದ್ದಕ್ಕೂ ಬೆವರು ಇಳಿಯಿತು. ತಪ್ಪು ಮಾಡಿದವರಿಗೂ ಹೀಗೇ ಆಗುತ್ತದೇನೋ ಎಂದುಕೊಂಡೆ.

ಎರಡನೇ ಪೀರಿಯಡ್ ನಡೆದಿದ್ದಾಗ ಜವಾನ ಬಂದು ನನ್ನನ್ನು ಆಫೀಸಿಗೆ ಕರೆದ. ಅಪ್ಪ ಗುಮಾಸ್ತರ ಮೇಜಿನ ಮುಂದೆ ಮೊಬೈಲು ಹಿಡಿದು ನಿಂತಿದ್ದ. ಆಗತಾನೆ ಸಂದೇಶ ಬಂದಿತ್ತು: ಹಾಜರಾಗಿಲ್ಲ.

"ನಾ ಕಣ್ಲೆ ನೋಡೇನ್ರಿ, ಈಕಿ ಒಳಗ ಬಂದಾಳ," ಎನ್ನುತ್ತಿದ್ದ.

ಸಿಸ್ಟಮ್ಮಿನಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲ ಎಂದರು ಗುಮಾಸ್ತರು.

ಅಪ್ಪ ನನ್ನ ಭುಜ ಹಿಡಿದು ಅವರ ಮೇಜಿನ ಹತ್ತಿರಕ್ಕೆ ತಂದು ನಿಲ್ಲಿಸಿದ. "ಹಂಗಾರ ಇಲ್ಲಿ ನಿಂತಾಕಿ ಯಾರ್ರಿ?"

ಕಂಪ್ಯೂಟರ್ ಉಪನ್ಯಾಸಕರನ್ನು ಕರೆಸಿದರು. ಅವರು ಸ್ವಲ್ಪ ಹೊತ್ತು ಹುಡುಕಿ, ಕನ್ನಡಕ ತೆಗೆದು, ಕ್ಷಮಿಸಬೇಕು ಎಂದರು. ಕಲಾ ವಿಭಾಗದಲ್ಲಿ ನನ್ನದೇ ಹೆಸರು, ಅದೇ ಇನಿಷಿಯಲ್ ಇರುವ ಇನ್ನೊಬ್ಬ ಹುಡುಗಿ ಇದ್ದಳು. ಹೆಸರು ತುಂಬಿಸುವಾಗ ನಮ್ಮಿಬ್ಬರ ಮನೆಯ ಮೊಬೈಲ್ ನಂಬರು ಅದಲುಬದಲಾಗಿತ್ತು. ಅವಳ ಹಾಜರಿ ನನ್ನ ಅಪ್ಪನಿಗೆ, ನನ್ನದು ಅವಳ ಅಪ್ಪನಿಗೆ ಹೋಗುತ್ತಿತ್ತು. ಕೊಟ್ಟ ನಂಬರಿಗೆ ಬಾಟ್ ಕಳಿಸಿದೆ ಅಷ್ಟೇ, ನಂಬರ್ ಹಾಕಿದವರು ನಾವು ಎಂದರು.

ನನಗೆ ಅಳು ಬಂತು. ಅಪ್ಪ ನನ್ನ ಕಡೆ ನೋಡಲಿಲ್ಲ. ಅಷ್ಟರಲ್ಲಿ ಗುಮಾಸ್ತರು, ಹಾಗಾದರೆ ಆ ಹುಡುಗಿ ಇಷ್ಟು ದಿನ ಎಲ್ಲಿಗೆ ಹೋಗುತ್ತಿದ್ದಳು ಎನ್ನುತ್ತ ಫೋನ್ ಕೈಗೆತ್ತಿಕೊಂಡರು. ಅವರ ಮುಖದಲ್ಲಿ ನಮ್ಮ ಮನೆಯಲ್ಲಿ ನಾನು ದಿನವೂ ನೋಡುತ್ತಿದ್ದ ಕಳೆಯೇ ಇತ್ತು.

"ಅವರಪ್ಪಗ ಈಗ ಫೋನ್ ಮಾಡಬ್ಯಾಡ್ರಿ," ಎಂದ ಅಪ್ಪ. "ಮೊದ್ಲ ಆ ಹುಡಿಗಿನ್ನ ಕೇಳ್ರಿ. ಮಷೀನಿನ ಮಾತ ಕೇಳಿ ನಮ್ಮ ಮನ್ಯಾಗ ಏನೇನ ಆತು ನನಗ ಗೊತ್ತೈತಿ."

ಉಪನ್ಯಾಸಕರು ಒಪ್ಪಿದರು. ನಾಳೆ ಸಂಜೆ ನಂಬರು ಸರಿಮಾಡುತ್ತೇನೆ, ಅಷ್ಟರೊಳಗೆ ಅವಳೊಂದಿಗೆ ಮಾತಾಡುತ್ತೇನೆ ಎಂದರು.

ಅವರಿಗಿಂತ ಮೊದಲು ನಾನೇ ಮಾತಾಡಿದೆ. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಕಾದು ನಿಂತೆ. ಅವಳು ಯಲಬುರ್ಗಾ ಕಡೆಯವಳು, ಇಲ್ಲಿ ಸಂಬಂಧಿಕರ ಮನೆಯಲ್ಲಿ ಇದ್ದಳು ಎಂದಷ್ಟೇ ಗೊತ್ತಿತ್ತು. ನಡೆದದ್ದನ್ನು ಹೇಳಿದಾಗ ನಿನ್ನನ್ನು ಯಾರು ಕಳಿಸಿದರು ಎಂದು ಮೊದಲು ಕೇಳಿದಳು. ಯಾರೂ ಕಳಿಸಿಲ್ಲ ಎಂದರೂ ಸುತ್ತ ನೋಡಿದಳು. ಕೊನೆಗೆ ಹೇಳಿದಳು. ಅವಳ ಅಕ್ಕ ಬೇರೆ ಜಾತಿಯವನನ್ನು ಮದುವೆಯಾಗಿ ಗಂಗಾವತಿಯಲ್ಲೇ ಇದ್ದಾಳೆ. ಇವರ ಅಪ್ಪ ಅಕ್ಕನ ಹೆಸರೆತ್ತಲು ಬಿಡುವುದಿಲ್ಲ. ಈಗ ಹೆರಿಗೆಯಾಗಿದೆ, ಕೂಸಿಗೆ ನೀರೆರೆಯಲು, ಬಾಣಂತಿಗೆ ಬೇಯಿಸಲು ಯಾರೂ ಇಲ್ಲ. ಅಕ್ಕನ ಗಂಡನಿಗೆ ಹಗಲು ಪಾಳಿ ಇದ್ದ ದಿನ ಇವಳು ಕಾಲೇಜು ಬಿಟ್ಟು ಅಲ್ಲಿಗೆ ಹೋಗುತ್ತಿದ್ದಳು. ಮೊದಲ ಸಲ ಹೆದರಿಯೇ ಹೋದಳಂತೆ, ಮನೆಯಿಂದ ಯಾರೂ ಕೇಳದಿದ್ದಾಗ ಅಪ್ಪ ಸಂದೇಶ ನೋಡುತ್ತಿಲ್ಲ ಎಂದುಕೊಂಡಳಂತೆ.

ನನ್ನ ಮುಖದಲ್ಲಿನ ಅನುಮಾನ ಅವಳಿಗೆ ಅರ್ಥವಾಯಿತು. "ನಂಬಿಕಿ ಬರವಲ್ದನು? ಬಾ, ನೋಡು."

ಮಧ್ಯಾಹ್ನದ ಬಿಡುವಿನಲ್ಲಿ ಹೋದೆವು. ಅಕ್ಕಿ ಗಿರಣಿಯ ಹಿಂದಿನ ಓಣಿ. ತಗಡಿನ ಚಾವಣಿಯ ಒಂದೇ ಕೋಣೆಯಲ್ಲಿ ಹೊಟ್ಟಿನ ಧೂಳು ಒಳಗೆ ಬರದಂತೆ ಕಿಟಕಿಗೆ ಹಳೆಯ ಸೀರೆ ಕಟ್ಟಿದ್ದರು. ತಲೆಗೆ ಬಟ್ಟೆ ಬಿಗಿದುಕೊಂಡ ಅಕ್ಕ ನನ್ನನ್ನು ಕಂಡ ಕೂಡಲೇ ಕೂಸನ್ನು ಎದೆಗೆ ಎಳೆದುಕೊಂಡು, ಇವಳು ಯಾರು, ಯಾರ ಮಗಳು ಎಂದು ತಂಗಿಯನ್ನು ಕೇಳಿದಳು. ನಾನು ಹೆಸರು ಹೇಳಿದೆ. ತಂಗಿಯದೇ ಹೆಸರು ಕೇಳಿ ಅವಳಿಗೆ ನಗು ಬಂತು. ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟಳು.

ಸಂಜೆ ನಂಬರು ಸರಿಯಾಯಿತು. ಉಪನ್ಯಾಸಕರಿಗೆ ಅವಳು ಏನು ಹೇಳಿದಳೋ ತಿಳಿಯದು, ಅವಳ ಮನೆಗೆ ಫೋನ್ ಅಂತೂ ಹೋಗಲಿಲ್ಲ. ಅವಳು ಪಾಠ ತಪ್ಪಿಸುವುದು ಬಿಟ್ಟು ನಾಲ್ಕರ ಮೇಲೆ ಅಕ್ಕನ ಮನೆಗೆ ಹೋಗತೊಡಗಿದಳು. ಕೆಲವು ದಿನ ಕೊನೆಯ ಬಸ್ಸಿನವರೆಗೆ ನಾನೂ ಜೊತೆಗಿರುತ್ತಿದ್ದೆ. ಮುಂದೊಂದು ಹುಣ್ಣಿಮೆಗೆ ಅವಳ ತಾಯಿ ಹುಲಿಗಿಯ ದೇವಿಯ ಗುಡಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದು, ಅಲ್ಲಿನ ನದಿಯ ಮೆಟ್ಟಿಲ ಮೇಲೆ ಮೊಮ್ಮಗಳನ್ನು ಮೊದಲ ಬಾರಿ ಎತ್ತಿಕೊಂಡಳಂತೆ. ಅವಳ ಅಪ್ಪನ ಮನಸ್ಸು ಮಾತ್ರ ಕರಗಲಿಲ್ಲ, ಇಂದಿಗೂ ಪೂರ್ತಿ ಕರಗಿಲ್ಲ ಎನ್ನುತ್ತಾಳೆ.

ಆಫೀಸಿನಲ್ಲಿ ಸತ್ಯ ಹೊರಬಿದ್ದ ದಿನ ನನ್ನ ಅಪ್ಪ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ದಾರಿಯುದ್ದಕ್ಕೂ ಕಾಲುವೆ ತುಂಬಿ ಹರಿಯುತ್ತಿತ್ತು. ಇವತ್ತು ಯಾವ ಪಾಠ ಆತು ಎಂದು ಕೇಳಿ, ಉತ್ತರ ಬರುವ ಮೊದಲೇ ಬೇಡ ಬಿಡು ಎಂದ. ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದ. ಅವ್ವ ಆ ವಾರವೆಲ್ಲ ನನ್ನ ತಾಟಿಗೆ ಕೇಳದೆ ತುಪ್ಪ ಹಾಕಿದಳು, ಬ್ಯಾಗನ್ನು ಮುಟ್ಟಲಿಲ್ಲ.

ಈಗ ನಾನು ಕೊಪ್ಪಳದಲ್ಲಿ ನೌಕರಿ ಮಾಡುತ್ತೇನೆ. ಹೋದ ವರ್ಷ ಅಪ್ಪ ಕಣ್ಣು ತೋರಿಸಲು ಬಂದವನು ನಾಲ್ಕು ದಿನ ನಮ್ಮಲ್ಲಿ ಉಳಿದ. ಊಟವಾದ ಮೇಲೆ ಅದೂ ಇದೂ ಮಾತಾಡುತ್ತ ನಾನು ಕೇಳಿಯೇಬಿಟ್ಟೆ: ನೀನು ಚಹಾದಂಗಡಿಯಲ್ಲಿ ಕುಳಿತ ದಿನ ಆ ಹುಡುಗಿ ಕಾಲೇಜಿಗೆ ಬಂದಿದ್ದು, ಹಾಜರಾಗಿದ್ದಾಳೆ ಎಂದೇ ಸಂದೇಶ ಬಂದಿದ್ದರೆ ಏನು ಮಾಡುತ್ತಿದ್ದಿ?

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡ. ಸುಳ್ಳು ಹೇಳುತ್ತಾನೆ ಎಂದುಕೊಂಡೆ.

"ಇನ್ನೊಂದ್ ದಿನ ಬಂದು ಕುಂದರ್ತಿದ್ದೆ," ಎಂದ.

ನನಗೆ ಬೇಕಾದ ಉತ್ತರ ಅದಾಗಿರಲಿಲ್ಲ. ಆದರೂ ಅವನು ನನ್ನ ಮುಖ ನೋಡಿಕೊಂಡೇ ಹೇಳಿದ. ಕಣ್ಣಿಗೆ ಔಷಧಿ ಹಾಕುವ ಹೊತ್ತಾಗಿತ್ತು. ಅವನನ್ನು ಮಲಗಿಸಿ, ರೆಪ್ಪೆ ಹಿಡಿದು ಹನಿ ಬಿಟ್ಟೆ.