ಎಡಗಡೆಯ ಕನ್ನಡಿ

ಕಬ್ಬಿನ ಹಂಗಾಮು ಶುರುವಾದರೆ ನಮ್ಮೂರು ಜುಗೂಳದ ಕಾರುಗಳು ಎಡಗಡೆಯ ಕನ್ನಡಿಯನ್ನು ಮಡಚಿಕೊಂಡೇ ಓಡುತ್ತವೆ. ಟ್ರ್ಯಾಕ್ಟರುಗಳನ್ನು ದಾಟುವಾಗ ಹೊರಚಾಚಿದ ಕಬ್ಬು ಬಡಿದು ಒಡೆಯಬಾರದೆಂದು. ಕನ್ನಡಿಯ ಕೆಲಸವನ್ನು ಎಡಸೀಟಿನಲ್ಲಿ ಕೂತವರು ಮಾಡುತ್ತಾರೆ. ನಮ್ಮ ಕಾರಿನಲ್ಲಿ ಅದು ತಲೆಗೆ ದೊಡ್ಡ ಪಟಗಾ ಸುತ್ತಿದ ಅಪ್ಪನ ಕೆಲಸ.

ಅಥಣಿಯ ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಒಬ್ಬಳೇ ಕಾರಿನಲ್ಲಿ ಹೋಗಬೇಕೆಂಬುದು ನನ್ನ ಆಸೆ. ದಿನಾ ತಾನೂ ಬಂದು ಸಂಜೆಯತನಕ ಅಲ್ಲೇ ಕೂರುವುದು ಅಪ್ಪನ ವಿಚಾರ. ದ್ರಾಕ್ಷಿ ತೋಟ ಯಾರು ನೋಡಬೇಕು ಎಂದು ಅವ್ವ ಕೇಳಿದ್ದಕ್ಕೆ, ಎಡಗಡೆ ಯಾರು ನೋಡಬೇಕು ಎಂದು ಅವಳನ್ನೇ ಕೇಳಿದ್ದ.

ಶನಿವಾರ ಬೆಳಿಗ್ಗೆ, ದಾರಿ ರೂಢಿಯಾಗಲೆಂದು ಅಪ್ಪನೊಂದಿಗೆ ಅಥಣಿಗೆ ಹೊರಟಾಗ, ಹೊಳೆಯ ಮಂಜು ಇನ್ನೂ ಅಂಗಳದಲ್ಲಿತ್ತು. ನಾನು ಮಡಚಿದ ಕನ್ನಡಿಯನ್ನು ಬಿಚ್ಚಿ, ಇಬ್ಬನಿ ಒರೆಸಿ, ಒಳಗೆ ಕೂತು ಅದನ್ನು ಹೊರಳಿಸುವ ಗುಂಡಿ ಒತ್ತುತ್ತ ಹೋದೆ. ಮೊದಲು ಬರೀ ಆಕಾಶ, ಆಮೇಲೆ ಬೇವಿನ ತುದಿ, ನಿಧಾನವಾಗಿ ದಾರಿ. ದಾರಿಯೂ ಆಕಾಶವೂ ನಡುವೆ ಕೂಡುವಲ್ಲಿ ಬಿಟ್ಟೆ. ಅಂಚಿಗೆ ನಮ್ಮದೇ ಬಾಗಿಲಿನ ಒಂದು ಎಳೆ. ಮಂಜೆಲ್ಲ ಆ ಅಂಗೈಯಗಲದಲ್ಲಿ ತೇಲುತ್ತಿತ್ತು. ನೋಡುತ್ತ ಹೊರಡುವುದೇ ಮರೆತಿತ್ತು.

"ನಾ ಕುಂತೀನಲ್ಲ ತಂಗಿ, ಅದನ್ಯಾಕ ತಗದಿ?" ಎಂದ ಅಪ್ಪ. ನಾನು ಗಾಡಿ ಶುರುಮಾಡಿದೆ.

ಬೆಳ್ಳಗೆ ಹೂಬಿಟ್ಟ ಕಬ್ಬು ಕನ್ನಡಿಯೊಳಗೆ ಹಿಂದಕ್ಕೆ ಹರಿಯುತ್ತಲೇ ಇತ್ತು. ಕಾಗವಾಡದ ಹತ್ತಿರ ಪೆಟ್ರೋಲ್ ಬಂಕಿಗೆ ಎಡಕ್ಕೆ ಹೊರಳಬೇಕಿತ್ತು. ಕನ್ನಡಿ ಖಾಲಿ. ಅಪ್ಪನೂ ಹೊರಗೆ ಇಣುಕಿ, ಯಾರೂ ಇಲ್ಲ, ಹೊಳ್ಳಸು ಎಂದ. ನಾನು ಭುಜದ ಮೇಲಿಂದ, ಅವನ ಪಟಗಾದ ಆಚೆ, ಹಿಂದಿನ ಕಿಟಕಿಯತ್ತ ತಿರುಗಿದೆ. ಬಾಗಿಲಿಗೆ ಅಂಟಿಕೊಂಡಂತೆ ಒಂದು ಬೈಕು. ಹಿಂದೆ ಕೂತ ಹೆಂಗಸಿನ ತೊಡೆಯ ಮೇಲೆ ಹಸಿ ಮೇವಿನ ಹೊರೆ. ನಿಲ್ಲಿಸಿದೆ. ಮೇವು ನಮ್ಮ ಬಾಗಿಲನ್ನು ಸವರಿಕೊಂಡು, ಕನಸಿನಲ್ಲಿ ಹಾದಂತೆ, ಹಾದುಹೋಯಿತು.

ಅದು ಮಂಜಿನಲ್ಲಿ ಕರಗುವತನಕ ಅಪ್ಪ ನೋಡಿದ.

"ನಿನಗ ಕನ್ನಡ್ಯಾಗ ಕಾಣ್ತೇನು?"

"ಇಲ್ಲಪ್ಪಾ. ಹೊಳ್ಳಿ ನೋಡಿದ್ನಿ. ನಿನ್ನ ಪಟಗಾದ ಹಿಂದ ಇತ್ತು."

"ಅಂದ್ರ ನಾನ ಅಡ್ಡ ಕುಂತಿದ್ದೆ ಅನ್ನು." ನಗಲು ನೋಡಿದ, ಆಗಲಿಲ್ಲ.

ಬಂಕಿನಲ್ಲಿ ಎಣ್ಣೆ ಹಾಕಿಸಿದ ಮೇಲೆ ಅಪ್ಪ ಬಾಗಿಲು ತೆಗೆದು ಇಳಿದ. ಪಕ್ಕದ ಅಂಗಡಿಯಲ್ಲಿ ಛಾ ಕುಡಿದು ಯಾರದಾದರೂ ಗಾಡಿ ಹತ್ತಿ ತೋಟಕ್ಕೆ ಹೋಗುವುದಾಗಿ ಹೇಳಿದ. ಪಟಗಾ ಸರಿಮಾಡಿಕೊಂಡು, ಕಿಟಕಿಗೆ ಬಗ್ಗಿದ.

"ಅಥಣಿತನಕ ಹೋಗಿ ಬಾ. ಸಾವಕಾಶ."

ಎಡಗಡೆಯ ಕಿಟಕಿ ಒಮ್ಮೆಲೇ ದೊಡ್ಡದಾಯಿತು. ಅದರ ತುಂಬ ದ್ರಾಕ್ಷಿಯ ಸಾಲುಗಳು, ಅವುಗಳ ನಡುವೆ ಬಿಸಿಲು. ಇಂಡಿಕೇಟರ್ ಹಾಕಿ, ಹೊರಳಿ ನೋಡಿ, ನಾನು ರಸ್ತೆಗೆ ಇಳಿದೆ.