ಅತ್ತೆ ತೊಳೆದುಕೊಟ್ಟ ಪೈಪು

"ಇದು ಆ ಪೈಪ್ ಅಲ್ಲ."

ಬೆಲೆ ಕಟ್ಟಲು ಬಂದಿದ್ದ ಮೇಡಂ ಇಷ್ಟು ಹೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರೂ ನನ್ನ ಮುಖ ನೋಡಿದರು. ಯಾಕೆಂದರೆ ಆ ಪೈಪ್ ತಂದವಳು ನಾನು.

ಸ್ವಲ್ಪ ಹಿಂದಿನಿಂದ ಹೇಳಿಬಿಡುತ್ತೇನೆ. ನಲ್ಲಿ ಪೈಪ್ ಅಲ್ಲ ಮಾರಾಯ್ರೇ, ತಂಬಾಕು ಸೇದುವ ಪೈಪ್.

ನಮ್ಮ ಮಾವನವರು ತಿರುವನಂತಪುರದ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದರು. ಅಲ್ಲಿ ಅವರ ಸೀನಿಯರ್ ಕೋಶಿ ಸರ್, ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆ.

ಸೇದುವುದು ಬಿಡಿ ಎಂದು ಡಾಕ್ಟರ್ ಹೇಳಿದಾಗ ಕೋಶಿ ಸರ್ ತಮ್ಮ ಪ್ರಾಣದಂಥ ಪೈಪನ್ನು ತಂದು ಮಾವನ ಕೈಗಿಟ್ಟರಂತೆ. ನನ್ನ ಮನೆಯಲ್ಲಿದ್ದರೆ ಸೇದಿಬಿಡುತ್ತೇನೆ ರಾವ್, ನಿನ್ನ ಹತ್ತಿರ ಇರಲಿ, ಕೇಳಿದಾಗ ಕೊಡು ಅಂತ.

ಅಡಿಕೆ ಹೋಳನ್ನೂ ಬಾಯಿಗೆ ಹಾಕದ ಮಾವ ಅದನ್ನು ಬೀರುವಿನಲ್ಲಿ ರೇಷ್ಮೆ ಪಂಚೆಯ ಪಕ್ಕ ಇಟ್ಟುಕೊಂಡು ಕಾದರು. ಕೋಶಿ ಸರ್ ಕೇಳಲಿಲ್ಲ. ಹೋದ ವರ್ಷ ಮಾವ ತೀರಿಕೊಂಡರು.

ಕೇಳಿದ್ದು ಈಗ... ಅದೂ ಅವರ ಮಗ ಜೇಕಬ್. ಅಪ್ಪನಿಗೆ ಸ್ಟ್ರೋಕ್ ಆದಮೇಲೆ ಮಾತು ಕಮ್ಮಿಯಾಗಿದೆ, ಆದರೆ ಆ ಪೈಪ್ ಒಂದನ್ನು ಕೇಳುತ್ತಲೇ ಇರುತ್ತಾರೆ ಎಂದರು. ಅಪ್ಪನ ಪೈಪ್ ಕಲೆಕ್ಷನ್‌ಗೆಲ್ಲ ಬೆಲೆ ಕಟ್ಟಿಸಿ ಅಣ್ಣತಮ್ಮಂದಿರು ಹಂಚಿಕೊಳ್ಳುವ ಯೋಚನೆಯೂ ಇತ್ತಂತೆ.

ಅವರ ಮನೆ ಈಗ ಕೊಚ್ಚಿಯ ತ್ರಿಪ್ಪುಣಿತ್ತುರದಲ್ಲಿ, ನಮ್ಮದು ಅದೇ ಊರಿನ ಕಲೂರು. ಅತ್ತೆಯನ್ನು ನೋಡಲು ತಿರುವನಂತಪುರಕ್ಕೆ ಹೋಗಿದ್ದವಳು ಬರುವಾಗ ಸ್ಟೀಲ್ ಡಬ್ಬಿಯಲ್ಲಿ ಪೈಪ್ ಇಟ್ಟುಕೊಂಡು ರೈಲು ಹತ್ತಿದೆ.

ಹದ್ದಿನ ಉಗುರುಗಳು ಒಂದು ಮೊಟ್ಟೆಯನ್ನು ಬಿಗಿಯಾಗಿ ಹಿಡಿದಿರುವ ಹಾಗೆ ಅದರ ಕೆತ್ತನೆ. ಆ ಮೊಟ್ಟೆಯೇ ತಂಬಾಕು ತುಂಬುವ ಬಟ್ಟಲು.

ಮೇಡಂ ಈಗ ಜೇಕಬ್ ಫೋನಿನಲ್ಲಿದ್ದ ಹಳೇ ಫೋಟೋ ನನ್ನ ಮುಂದೆ ಹಿಡಿದರು. ಅದರಲ್ಲಿ ಕೋಶಿ ಸರ್ ಬಾಯಲ್ಲಿರುವ ಪೈಪು ಒಳ್ಳೇ ಡಿಕಾಕ್ಷನ್ ಬಣ್ಣ. ಮೇಜಿನ ಮೇಲಿರುವುದು ಸುಣ್ಣದ ಬಿಳುಪು.

ಮೆತ್ತನೆಯ ಬಿಳಿ ಕಲ್ಲಿನಲ್ಲಿ ಕೆತ್ತಿದ ಪೈಪಂತೆ ಇದು, ಮೇಡಂ ವಿವರಿಸಿದರು. ವರ್ಷಗಟ್ಟಲೆ ಸೇದಿ ಸೇದಿ ಹೊಗೆಯನ್ನು ಹೀರಿಕೊಂಡು ಬಣ್ಣ ತಿರುಗುತ್ತದಂತೆ. ಮೇಲಿನ ಜೇನುಮೇಣದ ಪಾಲಿಶ್ ಆ ಬಣ್ಣವನ್ನು ಹಿಡಿದಿಡುತ್ತದಂತೆ. ಕಲೆಕ್ಟರ್‌ಗಳು ಬೆಲೆ ಕೊಡುವುದೇ ಆ ಬಣ್ಣಕ್ಕೆ. ಇದೇ ಕೆತ್ತನೆಯ ಹೊಸ ಪೈಪುಗಳು ಬೇಕಾದಷ್ಟು ಸಿಗುತ್ತವೆ ಎಂದೂ ಸೇರಿಸಿದರು.

ಜೇಕಬ್ ಇಂಗ್ಲಿಷಿನಲ್ಲಿ ತುಂಬ ಮರ್ಯಾದೆಯಿಂದ ಕೇಳಿದರು. ರಶ್ಮಿ, ನಿಮ್ಮ ಮನೆಯಲ್ಲಿ ಇಂಥದ್ದೇ ಇನ್ನೊಂದು ಇರಬಹುದಾ? ಒಮ್ಮೆ ಹುಡುಕಿ ನೋಡುತ್ತೀರಾ?

ಬೈದಿದ್ದರೂ ಸಹಿಸುತ್ತಿದ್ದೆ. ಇಷ್ಟು ನಯವಾಗಿ, ಸತ್ತುಹೋದ ನಮ್ಮ ಮಾವನನ್ನು ಕಳ್ಳ ಮಾಡಿದರಲ್ಲ... ಮೈಯೆಲ್ಲ ಉರಿದುಹೋಯಿತು.

ಆಗ ಹೊರಡುವ ದಿನ ಬೆಳಗ್ಗೆ ಅತ್ತೆಯ ಅಡುಗೆಮನೆಯಲ್ಲಿ ಕಂಡದ್ದು ನೆನಪಾಯಿತು. ದೇವರ ಬೆಳ್ಳಿ ಸಾಮಾನಿನ ಜೊತೆ ಟವೆಲ್ ಮೇಲೆ ಪೈಪೂ ಬೋರಲಾಗಿ ಒಣಗುತ್ತಿತ್ತು.

"ಅತ್ತೇ, ಇದನ್ನೂ ತೊಳೆದ್ರಾ?"

"ಮತ್ತೆ? ಇನ್ನೊಬ್ರ ಸಾಮಾನು ಗಲೀಜಾಗಿ ವಾಪಸ್ ಕೊಡಕ್ಕಾಗುತ್ತಾ? ಅದೇನು ಜಿಡ್ಡು ಅಂತೀಯಾ! ಕುದಿಯೋ ನೀರಲ್ಲಿ ನೆನೆಹಾಕಿ, ಹುಣಸೆಹಣ್ಣಲ್ಲಿ ತಿಕ್ಕಿ, ಅದರ ಕತ್ತಿನ ಬೆಳ್ಳಿ ಪಟ್ಟಿಗೆ ವಿಭೂತಿ ಹಾಕಿ ಉಜ್ಜಿದೀನಿ."

ಈಗ ಸುಮ್ಮನಿದ್ದರೆ ಮಾವ ಕಳ್ಳ. ಬಾಯಿ ಬಿಟ್ಟರೆ ಅತ್ತೆ ಹಾಳು ಮಾಡಿದವರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜೇಕಬ್ ತುಟಿಯಂಚಿನಲ್ಲಿ ನಕ್ಕರು. ತಂಬಾಕಿನ ಪೈಪನ್ನು ಯಾರಾದರೂ ಹುಣಸೆಹಣ್ಣಿನಲ್ಲಿ ತೊಳೆಯುತ್ತಾರಾ? ಹೇಳುತ್ತ ಹೇಳುತ್ತ ನನಗೇ ಅದು ಕಟ್ಟುಕಥೆಯ ಹಾಗೆ ಕೇಳಿಸತೊಡಗಿತು.

ಮೇಡಂ ಮತ್ತೆ ಪೈಪ್ ಕೈಗೆತ್ತಿಕೊಳ್ಳುತ್ತಾರೆ. ಬಟ್ಟಲಿನ ಬಾಯಿಗೆ ತುರುಕಿದ್ದ ಹತ್ತಿಯನ್ನು ತೆಗೆದು ತಲೆಕೆಳಗು ಮಾಡುತ್ತಾರೆ. ಕಪ್ಪು ಬಟ್ಟೆಯ ಮೇಲೆ ಬಿಳೀ ಹರಳು ಸುರಿಯುತ್ತದೆ.

ಇದೇನು ಎಂದು ನನ್ನನ್ನೇ ಕೇಳುತ್ತಾರೆ. ನನಗೇನು ಗೊತ್ತು! ಧೂಳು ಹೋಗದಿರಲಿ ಅಂತ ಅತ್ತೆ ಹತ್ತಿ ಇಟ್ಟಿದ್ದಾರೆ ಅಂದುಕೊಂಡಿದ್ದೆ.

ಅಲ್ಲಿಯವರೆಗೆ ವೀಲ್‌ಚೇರಿನಲ್ಲಿ ಸುಮ್ಮನೆ ಕೂತಿದ್ದ ಕೋಶಿ ಸರ್ ಕೈ ಚಾಚುತ್ತಾರೆ. ಆ ಹರಳಿಗೆ ಬೆರಳು ಒತ್ತಿ ನಾಲಿಗೆಗೆ ಮುಟ್ಟಿಸುತ್ತಾರೆ.

"ಪಂಜಸಾರ!" ಅಂದರು. ಸಕ್ಕರೆ. ಮುಖವೆಲ್ಲ ನಗು.

ಆಮೇಲೆ ಒಂದೊಂದೇ ಮಾತನ್ನು ಹೆಕ್ಕಿ ಹೆಕ್ಕಿ ಮಗನಿಗೆ ಹೇಳಿದರು. ನಿನ್ನ ಅಮ್ಮ ಅಪ್ಪಂ ಕಳಿಸಿದ ಡಬ್ಬಿ ಮಿಸೆಸ್ ರಾವ್ ಮನೆಯಿಂದ ಒಂದು ದಿನವೂ ಖಾಲಿ ಬಂದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಡಬ್ಬಿ ಖಾಲಿ ಕೊಡದವರು ನನ್ನ ಪೈಪ್ ಬದಲಾಯಿಸುತ್ತಾರಾ?

ಮೇಡಂ ಏನೋ ಹೊಳೆದವರಂತೆ ಬಾಯಿಗಿಡುವ ಭಾಗವನ್ನು ಮೆಲ್ಲಗೆ ತಿರುಗಿಸಿ ಬಿಚ್ಚಿದರು. ಟಾರ್ಚ್ ಬಿಟ್ಟು ನೋಡಿದರು. ಅತ್ತೆಯ ಕೈ ತಲುಪದ ಆ ಒಳಗಿನ ಅಂಚಿನಲ್ಲಿ ಅದೇ ಡಿಕಾಕ್ಷನ್ ಬಣ್ಣ.

"ಇದೇ," ಅಂದರು. ನನ್ನ ಕಣ್ಣು ತುಂಬಿಬಂತು.

ಆದರೆ ಮೇಲಿನ ಬಣ್ಣ ಹೋದಮೇಲೆ ಇದಕ್ಕೆ ಬೆಲೆ ಅಂತ ಏನೂ ಉಳಿದಿಲ್ಲ ಎಂದೂ ಹೇಳಿದರು. ಇಡೀ ಕಲೆಕ್ಷನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳಬೇಕಿದ್ದ ಪೈಪ್ ಅದಂತೆ. ಕೋಶಿ ಸರ್ ಆ ಮಾತಿಗೆ ಕಿವಿಯನ್ನೇ ಕೊಡಲಿಲ್ಲ. ತಂಬಾಕಿಲ್ಲದ ಪೈಪನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು.

ಹೊರಡುವಾಗ ಜೇಕಬ್ ಗೇಟಿನವರೆಗೂ ಬಂದರು. ಸಾರಿ ಎಂದು ಅತ್ತೆಯ ಸ್ಟೀಲ್ ಡಬ್ಬಿಯನ್ನು ನನ್ನ ಕೈಗಿಟ್ಟರು. ಭಾರವಾಗಿತ್ತು. ತೆಗೆದು ನೋಡಿದರೆ ಡಬ್ಬಿಯ ತುಂಬ ಅಚ್ಚಪ್ಪಂ, ಹೂವಿನ ಅಚ್ಚಿನಲ್ಲಿ ಕರಿದ ಗರಿಗರಿ ತಿಂಡಿ.

"ಖಾಲಿ ಕೊಡಬೇಡ ಅಂದರು ಅಪ್ಪ."

ಮೆಟ್ರೋ ಸ್ಟೇಷನ್ನಿನಲ್ಲಿ ಕೂತು ಅತ್ತುಬಿಟ್ಟೆ. ಅಷ್ಟರಲ್ಲಿ ಅತ್ತೆಯ ಫೋನ್.

"ಕೊಟ್ಯೇನೇ? ಫಳಫಳ ಅಂತಿತ್ತಲ್ಲ, ನೋಡಿ ಏನಂದ್ರು?"

"ತುಂಬಾ ಖುಷಿಪಟ್ರು ಅತ್ತೆ."

"ಸದ್ಯ. ನಿಮ್ಮ ಮಾವನ ಮಾತು ಉಳೀತು," ಎಂದು ನಿಟ್ಟುಸಿರು ಬಿಟ್ಟರು.

ಆ ಬಣ್ಣದ ಕಥೆ ಅವರಿಗೆ ಇನ್ನೂ ಹೇಳಿಲ್ಲ... ನೀವಾಗಿದ್ದರೆ ಹೇಳುತ್ತಿದ್ದಿರಾ?